ನೀಲಗುಂದದ ಅಂಗಳದಲ್ಲಿ ಹಿಂದಕ್ಕೆ ಓಡಿದ ಗಾಡಿ

ಮೊನ್ನೆ ಸೋಮವಾರ ಬೆಳಗಿನ ಲಿಂಗಪೂಜೆ ಮುಗಿಸಿ ತೀರ್ಥ ಸ್ವೀಕರಿಸುವ ಹೊತ್ತಿಗೆ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಪೆಟ್ರೋಲಿನೊಡನೆ ಎಣ್ಣೆ ಬೆರೆತು ಸುಟ್ಟ ನೀಲಿ ಹೊಗೆಯ ವಾಸನೆ. ತುಸು ಸಿಹಿ, ತುಸು ಕಮಟು. ಈಗಿನ ಗಾಡಿಗಳು ಅಂಥ ಹೊಗೆ ಬಿಡುವುದಿಲ್ಲ. ಯಾರೋ ಹಳೆಯದೊಂದನ್ನು ಸಿದ್ಧಪಡಿಸಿಕೊಂಡು ನಮ್ಮ ಕೊಟ್ಟೂರಿನ ಓಣಿಯಲ್ಲಿ ಓಡಿಸಿಕೊಂಡು ಹೋಗಿರಬೇಕು. ಎದ್ದು ಹೋಗಿ ನೋಡುವ ಮನಸ್ಸಾಗಲಿಲ್ಲ. ತೀರ್ಥದ ಬಟ್ಟಲನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಕೂಡಿಸಿದ ವರ್ಷದ ಶ್ರಾವಣ ನೆನಪಾಯಿತು.

ಆಗ ನಾನು ಕೊಟ್ಟೂರಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಅಧ್ಯಾಪಕನಾಗಿದ್ದೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಗುರುಗಳ ಪಾದಮೂಲದಲ್ಲಿ ಓದಿದವನಾದ್ದರಿಂದ ಸುತ್ತಲಿನ ಊರುಗಳವರು ಮುಹೂರ್ತ ಕೇಳುವುದಕ್ಕೂ ಮದುವೆ, ಶಾಂತಿಕರ್ಮಗಳಿಗೂ ನನ್ನನ್ನು ಕರೆಯುತ್ತಿದ್ದರು. ಹಾಗೆ ಒಮ್ಮೆ ಕೂಡ್ಲಿಗಿಯ ಕಿರಾಣಿ ವರ್ತಕರೊಬ್ಬರ ಹೊಸ ಮನೆಯ ಗೃಹಪ್ರವೇಶವನ್ನು ನಡೆಸಿಕೊಟ್ಟೆ. ಪೂಜೆಯ ಕೊನೆಯಲ್ಲಿ ಆ ವರ್ತಕರು ಬಿಲ್ವಪತ್ರೆಯ ಮೇಲೆ ನೀರು ಬಿಟ್ಟು, ಅಂಗಳದಲ್ಲಿ ನಿಂತಿದ್ದ ತಮ್ಮ ಮೋಟಾರ್ ಸೈಕಲ್ಲನ್ನು ನನಗೆ ದಾನವಾಗಿ ಕೊಟ್ಟರು. ಧಾರೆಯೆರೆದ ನೀರು ಅಂಗೈ ಸೇರಿದ ಮೇಲೆ ಒಲ್ಲೆ ಎನ್ನುವಂತಿಲ್ಲ. ಮರಳಿ ಕೊಡುವಂತೆಯೂ ಇಲ್ಲ. ಗೋದಾನ ಸ್ವೀಕರಿಸಿದವನು ಹಸುವನ್ನು ಹೇಗೆ ಸಾಕಬೇಕೋ ಹಾಗೆಯೇ ಇದನ್ನೂ ಸಾಕಬೇಕು ಎಂದು ನಿಶ್ಚಯಿಸಿ ಮನೆಗೆ ತಂದೆ.

ಅದರ ಹೆಸರು ಹೇಳಬೇಕಾಗಿಲ್ಲ. ಎರಡು ಸೈಲೆನ್ಸರ್, ಗುಂಡನೆಯ ಟ್ಯಾಂಕು, ಕಿಕ್ಕಿಗೂ ಗೇರಿಗೂ ಒಂದೇ ಸನ್ನೆಗೋಲು ಎಂದರೆ ಆ ಕಾಲದವರಿಗೆ ತಿಳಿಯುತ್ತದೆ. ನಮ್ಮ ಬಸ್ ನಿಲ್ದಾಣದ ಹಿಂದೆ ಗಾಡಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಖಾಸಿಂಸಾಬರು ಅದನ್ನು ಮೊದಲ ದಿನವೇ ಸುತ್ತು ಬಂದು ನೋಡಿದರು.

"ದಾನ ಕೊಟ್ಟೋರು ಭಾಳ ಶಾಣ್ಯಾರು ಸ್ವಾಮೇರ," ಎಂದರು. "ಮಾರಿದ್ರ, ತೊಗೊಂಡಾತ ಮರುದಿನನ ತಿರುಗಿ ತಂದು ನಿಲ್ಲಸತಿದ್ದ. ದಾನ ಹಂಗ ತಿರುಗಿ ಬರಂಗಿಲ್ಲ ನೋಡ್ರಿ."

ಅದರೊಡನೆ ಬಾಳುವುದಕ್ಕೆ ಒಂದು ನಿತ್ಯವಿಧಿಯನ್ನೇ ಕಲಿಯಬೇಕಾಯಿತು. ಪೆಟ್ರೋಲ್ ಹಾಕಿಸುವಾಗಲೆಲ್ಲ ಅಳತೆಯಿಂದ ಎಣ್ಣೆ ಬೆರೆಸಬೇಕು. ಕಡಿಮೆಯಾದರೆ ಎಂಜಿನ್ ಬಿಗಿದುಕೊಳ್ಳುತ್ತದೆ, ಹೆಚ್ಚಾದರೆ ಓಣಿಯೆಲ್ಲ ಹೊಗೆಯಾಗುತ್ತದೆ. ನಿಲ್ಲಿಸಿದ ಕೂಡಲೇ ಪೆಟ್ರೋಲ್ ಕಾಕ್ ಮುಚ್ಚಬೇಕು. ಮರೆತರೆ ಬೆಳಗಾಗುವಷ್ಟರಲ್ಲಿ ಕೆಳಗೆ ಮಡುಗಟ್ಟಿರುತ್ತದೆ. ಪ್ಲಗ್ಗಿಗೆ ಮಸಿ ಹಿಡಿದರೆ ಬಿಚ್ಚಿ, ಉಸುಕುಕಾಗದದಿಂದ ಉಜ್ಜಿ, ಊದಿ ಹಾಕಬೇಕು. ನಿಧಾನವಾಗಿ ಹೋದರೆ ದೀಪ ಮಂಕಾಗುತ್ತದೆ, ಬೆಳಕು ಬೇಕೆಂದರೆ ವೇಗವಾಗಿ ಹೋಗಬೇಕು. ದಾರಿ ಕಾಣದ ಕಡೆಯೇ ವೇಗವಾಗಿ ಹೋಗಬೇಕಾದ ಆ ನ್ಯಾಯ ನನಗೆ ಎಂದೂ ಒಗ್ಗಲಿಲ್ಲ. ನಾನು ಕಚ್ಚೆ ಧೋತರ ಉಡುವವನು. ಎಡಗಾಲ ಬಳಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಕಿಕ್ ಹೊಡೆದರೆ ಅದು ಎಣ್ಣೆಯ ಕಲೆ ಹೊತ್ತೇ ಮನೆಗೆ ಬರುತ್ತಿತ್ತು. ನನ್ನ ಹೆಂಡತಿ ಗಿರಿಜೆ ಆ ಕಲೆಗಳನ್ನು ಸೀಗೆಪುಡಿಯಿಂದ ತಿಕ್ಕುತ್ತ, "ಹಸು ಕೊಟ್ಟಿದ್ರ ಸಗಣಿನರ ಸಿಗತಿತ್ತು," ಎನ್ನುತ್ತಿದ್ದಳು.

ಇವೆಲ್ಲ ಸಾಮಾನ್ಯ. ಅದಕ್ಕೆ ಇನ್ನೊಂದು ಸ್ವಭಾವವಿತ್ತು. ಒಂದು ಬೆಳಿಗ್ಗೆ ಖಾಸಿಂಸಾಬರ ಅಂಗಡಿಯ ಮುಂದೆಯೇ ಗಾಡಿ ಚಾಲೂ ಮಾಡಿ, ಒಂದನೆಯ ಗೇರಿಗೆ ಹಾಕಿ, ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ಹೊರಟಿತು. ಹಿಂದೆ ಪೇರಿಸಿಟ್ಟಿದ್ದ ಟೈರುಗಳಿಗೆ ಹೋಗಿ ಒರಗಿ ನಿಂತಿತು. ಖಾಸಿಂಸಾಬರು ಚಹದ ಲೋಟವನ್ನು ಕೆಳಗಿಡದೆಯೇ ಕೀಲಿ ತಿರುಗಿಸಿ ಎಂಜಿನ್ ಆರಿಸಿದರು.

"ಕಾಲು ಅರ್ಧಕ್ಕ ತಡದ್ರಿ ಸ್ವಾಮೇರ. ಒಳಗ ಪಿಸ್ಟನ್ನು ಪೂರಾ ಮ್ಯಾಲ ಏರೂದ್ರಾಗ ಕಿಡಿ ಬಿತ್ತು, ಅಲ್ಲಿಂದನ ವಾಪಸ್ ತಿರುಗಿತು. ಈ ಎಂಜಿನ್ನಿಗೆ ಮುಂದು ಹಿಂದು ಎರಡೂ ಒಂದ. ಯಾವ ಕಡಿ ನೂಕಿದ್ರೂ ಸುತ್ತತೈತಿ."

"ಅದು ಹಿಂದಕ್ಕೆ ಸುತ್ತುತ್ತಿದೆ ಎಂದು ತಿಳಿಯುವುದು ಹೇಗೆ?"

"ದನಿ ಕೇಳ್ರಿ. ನೆಗಡಿ ಬಂದೋರು ಮಾತಾಡಿದಂಗ ಇರತೈತಿ."

ವಾತಾವರಣ ತಣ್ಣಗಿದ್ದಾಗ, ಪ್ಲಗ್ಗು ತೇವವಾಗಿದ್ದಾಗ, ಕಿಕ್ ಅಳುಕುತ್ತ ಬಿದ್ದಾಗ ಹೀಗಾಗುತ್ತದೆ ಎಂದು ಕ್ರಮೇಣ ತಿಳಿದುಕೊಂಡೆ. ಶಾಲೆಯ ಗೇಟಿನಲ್ಲಿ, ಮಠದ ಮುಂದೆ, ನಮ್ಮ ಮನೆಯ ಕಟ್ಟೆಯ ಬಳಿ ಹೀಗೆ ಹಲವು ಸಲ ಆಗಿ, ಊರಿನವರು ನೋಡಿ, ನಕ್ಕು, ಮರೆತರು. ದನಿ ಕೇಳಿ ಗೇರು ಹಾಕುವುದು ಅಭ್ಯಾಸವಾಯಿತು.

ಇನ್ನು ಆ ಶ್ರಾವಣದ ಮಾತು. ಗಿರಿಜೆಗೆ ಒಬ್ಬನೇ ತಮ್ಮ, ಮಹೇಶ. ತಾಯಿ ತಂದೆ ಬೇಗ ತೀರಿಕೊಂಡದ್ದರಿಂದ ಆಕೆಯೇ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು; ನಮ್ಮ ಮದುವೆಯಾದಾಗ ಅವನೂ ಆಕೆಯ ಸೆರಗು ಹಿಡಿದು ನಮ್ಮ ಮನೆಗೆ ಬಂದ. ದೊಡ್ಡವನಾದ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಶಾಲಾ ಪುಸ್ತಕಗಳ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದ. ಮಾತು ಬಲು ಕಡಿಮೆ. ಎರಡು ಕಡೆ ಸಂಬಂಧ ಕೂಡಿ ಬಂದು, ಎರಡೂ ನಿಶ್ಚಯವಾದ ಮೇಲೆ ಮುರಿದವು. ಒಂದು, ಹೆಣ್ಣಿನ ಮನೆಯಲ್ಲಿ ಆದ ಸಾವಿನಿಂದ. ಇನ್ನೊಂದು ಅವರಿಗೆ ಬೇರೊಬ್ಬ ನೌಕರಿಯ ವರ ಸಿಕ್ಕಿದ್ದರಿಂದ. ಅವನ ತಪ್ಪು ಎರಡರಲ್ಲೂ ಇರಲಿಲ್ಲ. ಆದರೂ "ಆ ಹುಡುಗಂದು ಕೂಡಿದ್ದು ಉಳಿಯಂಗಿಲ್ಲ" ಎಂಬ ಮಾತು ನಮ್ಮ ಬಳಗದಲ್ಲಿ ಹಬ್ಬಿತು. ವಯಸ್ಸು ಮೂವತ್ತು ದಾಟಿತು. ಮೂರನೆಯದೂ ಮುರಿದರೆ ಮತ್ತೆ ಯಾರೂ ಹೆಣ್ಣು ತೋರಿಸುವುದಿಲ್ಲ ಎಂಬುದು ಗಿರಿಜೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಪ್ರಾಯಶಃ ಮಹೇಶನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮೂರನೆಯದು ಹರಪನಹಳ್ಳಿಯಾಚೆಯ ನೀಲಗುಂದದಿಂದ ಬಂತು. ಹುಡುಗಿಯ ಹೆಸರು ಅನ್ನಪೂರ್ಣ. ಮನೆಯಲ್ಲೇ ಹೊಲಿಗೆ ಕಲಿಸುತ್ತಿದ್ದಳು. ತಂದೆ ಸಾಧು ಮನುಷ್ಯ. ಮನೆಯ ಮಾತೆಲ್ಲ ಅಜ್ಜಿ ಬಸಲಿಂಗಮ್ಮನವರದು. ಒಮ್ಮೆ ನಾವೆಲ್ಲ ಹೋಗಿ ನೋಡಿಯಾಗಿತ್ತು, ಒಪ್ಪಿಗೆಯೂ ಆಗಿತ್ತು. ಶ್ರಾವಣದ ಒಂದು ಸೋಮವಾರ ಮಾತು ಮುಗಿಸಿ ತಾಂಬೂಲ ಪಡೆದು ಬರುವುದೆಂದು ಗೊತ್ತಾಯಿತು. ಅವರ ಕಡೆಯ ಪದ್ಧತಿಯಂತೆ, ಹಿರಿಯರು ಕೈಯಾರೆ ಕೊಟ್ಟ ತೆಂಗಿನಕಾಯಿಯನ್ನು ಗಂಡಿನ ಮನೆಗೆ ತಂದು ದೇವರ ಮುಂದಿಟ್ಟರೆ ಸಂಬಂಧ ನಿಂತಂತೆ.

ಆ ದಿನ ನಾನೂ ಮಹೇಶನೂ ಗಾಡಿಯ ಮೇಲೆ ಹೊರಟೆವು. ಜಿನುಗು ಮಳೆ. ಹೊಲಗಳಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು. ಶೇಂಗಾದ ಸಾಲುಗಳಲ್ಲಿ ಹೆಂಗಸರು ಗೋಣಿಚೀಲದ ಗೊಪ್ಪೆ ಹೊದ್ದು ಕಳೆ ತೆಗೆಯುತ್ತಿದ್ದರು. ಹರಪನಹಳ್ಳಿ ದಾಟಿದ ಮೇಲೆ ಎರೆಮಣ್ಣಿನ ರಸ್ತೆ ಚಕ್ರಕ್ಕೆ ಮೆತ್ತಿಕೊಳ್ಳತೊಡಗಿತು. ಎರಡು ಕಡೆ ಇಳಿದು ಕಡ್ಡಿಯಿಂದ ಕೆರೆದು ಮುಂದೆ ಹೋದೆವು. ಊರು ಸೇರಿ ಭೀಮೇಶ್ವರನಿಗೆ ಕೈಮುಗಿದು ಅವರ ಮನೆಗೆ ಹೋದಾಗ ಬಸಲಿಂಗಮ್ಮನವರು ಪಡಸಾಲೆಯಲ್ಲಿ ಕುಳಿತಿದ್ದರು.

"ಬರ್ರಿ ಶಾಸ್ತ್ರಿಗಳ. ಈಗ ನಾವು ದಾವಣಗೆರಿ ಜಿಲ್ಲಾದವರು ಆಗೇವಿ, ನೀವು ಬಳ್ಳಾರಿಯವರ ಉಳದೀರಿ. ಬ್ಯಾರೆ ಜಿಲ್ಲಾಕ್ಕ ಹೆಣ್ಣು ಕೊಡೂದು ಹೆಂಗ ಅಂತ ವಿಚಾರ ಮಾಡಾಕತ್ತೇನಿ," ಎಂದರು.

"ನಾವು ನೀವು ಯಾರೂ ಇದ್ದ ಜಾಗ ಬಿಟ್ಟು ಕದಲಿಲ್ಲಲ್ರಿ ಅಮ್ಮಾರ," ಎಂದೆ.

"ಅದೂ ಖರೆ. ಸರಕಾರ ಕದಲ್ಯೈತಿ, ನಾವಲ್ಲ," ಎಂದು ನಕ್ಕರು. ಅವರು ನಕ್ಕದ್ದನ್ನು ಕಂಡು ಮಹೇಶನ ಹೆಗಲು ಸಡಿಲವಾದದ್ದು ನನಗೆ ಕಾಣಿಸಿತು.

ಮಾತು ಸುಲಭವಾಗಿ ಮುಗಿಯಿತು. ನನಗೆ ರೇಷ್ಮೆಯ ಧೋತರ ಉಡಿಸಿ ಗೌರವಿಸಿದರು. ಬಸಲಿಂಗಮ್ಮನವರು ಎದ್ದು ನಿಂತು, ಅರಿಸಿನ ಕುಂಕುಮ ಹಚ್ಚಿದ ಕಾಯಿಯನ್ನೂ ಸಕ್ಕರೆಯನ್ನೂ ಮಹೇಶನ ಕೈಗೆ ಕೊಟ್ಟರು. ಹೊರಡುವಾಗ ಎದುರಿಗೆ ತುಂಬಿದ ಕೊಡ ಬರಬೇಕು ಎಂಬ ನಿಯಮವನ್ನು ಆ ಮನೆಯವರು ದೈವಕ್ಕೇ ಬಿಟ್ಟವರಲ್ಲ. ಮನೆಯ ಕಿರಿಯ ಸೊಸೆಯನ್ನು ನೀರು ತುಂಬಿದ ಕೊಡದೊಡನೆ ಓಣಿಯ ತಿರುವಿನಲ್ಲಿ ಮೊದಲೇ ನಿಲ್ಲಿಸಿದ್ದರು. ನಾವು ಗಾಡಿ ಏರಿದೊಡನೆ ಆಕೆ ಎದುರಿಗೆ ನಡೆದು ಬರತಕ್ಕದ್ದು.

ಮಹೇಶ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತ. ಹೊಸ ರೇಷ್ಮೆಯ ಧೋತರ ಕಾಲಿಗೆ ತೊಡಕಾಗಿತ್ತು. ಗಾಡಿ ಮಳೆಯಲ್ಲಿ ನೆನೆದಿತ್ತು. ಕಿಕ್ ಹೊಡೆದೆ. ಚಾಲೂ ಆಯಿತು. ಅದೇ ಹೊತ್ತಿಗೆ ಪಕ್ಕದ ಮನೆಯವರು ಶಹನಾಯಿಯ ಕ್ಯಾಸೆಟ್ ಹಾಕಿದ್ದರಿಂದ ಎಂಜಿನ್ನಿನ ದನಿ ನನಗೆ ಕೇಳಿಸಲಿಲ್ಲ. ತಿರುವಿನಿಂದ ಕೊಡ ಹೊತ್ತ ಸೊಸೆ ಬರುತ್ತಿದ್ದಳು. ಗೇರು ಹಾಕಿ ಕ್ಲಚ್ ಬಿಟ್ಟೆ.

ಗಾಡಿ ಹಿಂದಕ್ಕೆ ಹೊರಟಿತು. ಅಂಗಳದ ರಂಗೋಲಿಯ ಮೇಲೆ ಹಾಯ್ದು, ಬೆನ್ನು ಮಾಡಿಕೊಂಡು ಬಾಗಿಲ ಕಡೆಗೆ ಸಾಗಿ, ಹಿಂದಿನ ಚಕ್ರ ಪಡಸಾಲೆಯ ಮೆಟ್ಟಿಲಿಗೆ ಬಡಿದು ನಿಂತಿತು. ಮಹೇಶನ ಮಡಿಲಿನ ಕಾಯಿ ಜಾರಿ ಕೆಳಗೆ ಬಿದ್ದು ಉರುಳಿಹೋಗಿ ಬಸಲಿಂಗಮ್ಮನವರ ಕಾಲ ಬಳಿ ನಿಂತಿತು. ಎದುರಿಗೆ ಬರುತ್ತಿದ್ದ ಸೊಸೆ ನಿಂತಲ್ಲೇ ನಿಂತಳು. ಪಕ್ಕದ ಮನೆಯವರು ಕ್ಯಾಸೆಟ್ ನಿಲ್ಲಿಸಿದರು. ಆಗ ಒಳಗಿನ ಕಿಟಕಿಯಿಂದ ಹುಡುಗಿಯೊಬ್ಬಳು ಕಿಲಕಿಲನೆ ನಕ್ಕ ಸದ್ದು ಕೇಳಿತು. ನನ್ನ ಬೆನ್ನ ಹಿಂದೆ ಮಹೇಶನೂ ತಡೆಯಲಾರದೆ ನಕ್ಕ.

ಬಸಲಿಂಗಮ್ಮನವರು ನಗಲಿಲ್ಲ. ಬಾಗಿ ಕಾಯಿಯನ್ನು ಎತ್ತಿಕೊಂಡರು. ಮಹೇಶ ಇಳಿದು ಬಂದು ಕೈ ಚಾಚಿದ. ಅವರು ಕೊಡಲಿಲ್ಲ.

"ಇದು ಇಲ್ಲೇ ಇರಲಿ," ಎಂದರು. "ಹೋಗ್ರಿ ಶಾಸ್ತ್ರಿಗಳ, ಆಮ್ಯಾಲ ಹೇಳಿ ಕಳಸತೀವಿ."

ಮಹೇಶ ಹಗರಿಬೊಮ್ಮನಹಳ್ಳಿಗೆ ಹರಪನಹಳ್ಳಿಯಲ್ಲೇ ಬಸ್ಸು ಹಿಡಿದ. "ಬರ್ತೀನಿ ಮಾವ" ಎಂದ. ನಾನು ಮನೆ ತಲುಪಿದಾಗ ಗಿರಿಜೆ ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಬರಿಗೈ ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ. ಆಕೆ ತಟ್ಟೆಯಲ್ಲಿನ ದೀಪವನ್ನು ದೇವರ ಮುಂದಿಟ್ಟು ಬಂದು ಕಟ್ಟೆಯ ಮೇಲೆ ಕುಳಿತಳು.

"ಆ ಗಾಡಿನ ಯಾರಿಗರ ಕೊಟ್ಟು ಕಳಸ್ರಿ," ಎಂದಳು. "ದಾನ ಗೀನ ಅಂತ ನನ್ನ ಮುಂದ ಹೇಳಬ್ಯಾಡ್ರಿ."

ಆಮೇಲೆ ಕೆಲವು ದಿನ ಆಕೆ ನನ್ನೊಡನೆ ಊಟ, ನೀರು ಎಂಬಷ್ಟೇ ಮಾತಾಡಿದಳು. ನಾನು ಗಾಡಿಯನ್ನು ಹಿತ್ತಲಲ್ಲಿ ಗೋಣಿ ಹೊದಿಸಿ ನಿಲ್ಲಿಸಿ, ಶಾಲೆಗೆ ನಡೆದು ಹೋಗತೊಡಗಿದೆ.

ವಾರ ಕಳೆಯುವುದರೊಳಗೆ ನೀಲಗುಂದದಿಂದ ಹುಡುಗಿಯ ತಂದೆ ಬಂದರು. ತಲೆ ತಗ್ಗಿಸಿಕೊಂಡೇ ತಾಯಿಯ ಮಾತನ್ನು ಒಪ್ಪಿಸಿದರು. "ಅವ್ವ ಹೇಳ್ಯಾಳ್ರಿ. ಊರಾಗ ಕೇಳಿದ್ರ ಒಬ್ಬೊಬ್ಬರು ಒಂದೊಂದು ಹೇಳತಾರ. ಶಕುನದ ಗ್ರಂಥ ಓದಿದವರು ಶಾಸ್ತ್ರಿಗಳ. ಗಂಡಿನ ಕಡಿಯವರಾದರೂ ಅಡ್ಡಿಯಿಲ್ಲ, ಅವರು ಸುಳ್ಳು ಹೇಳಂಗಿಲ್ಲ, ನೋಡಿ ಬಂದು ಹೇಳಲಿ, ಅವರು ಹೇಳಿದಂಗ ಆಗಲಿ ಅಂದಾಳ."

ವಿಷಯವನ್ನು ಹೀಗೆ ನನ್ನ ಕೈಗೇ ಒಪ್ಪಿಸಿದಾಗ ಅದರ ಭಾರ ಬೇರೆಯೇ ಆಯಿತು. ಅಂದು ಸ್ನಾನ ಪೂಜೆ ಮುಗಿಸಿ ಗ್ರಂಥ ಬಿಚ್ಚಿದೆ. ಹುಡುಕುವುದಕ್ಕೆ ಬಹಳ ಹೊತ್ತಾಗಲಿಲ್ಲ. ಕಾರ್ಯಕ್ಕೆ ಹೊರಟವನ ವಾಹನ ಮುಗ್ಗರಿಸಿದರೆ, ಮುಂದೆ ಹೋಗಲೊಲ್ಲದೆ ಹಿಂಜರಿದರೆ ಆ ಕಾರ್ಯ ಕೆಡುತ್ತದೆ ಎಂದು ಸ್ಪಷ್ಟವಾಗಿಯೇ ಇತ್ತು. ಕುದುರೆ, ಆನೆ, ಎತ್ತುಗಳ ಕಾಲದ ಮಾತು, ಆದರೂ ವಾಹನ ವಾಹನವೇ.

ಗಿರಿಜೆ ಬಾಗಿಲ ಬಳಿ ನಿಂತು ಕೇಳಿದಳು. "ಅದರಾಗ ಏನೈತಿ?"

ಓದಿ ಅರ್ಥ ಹೇಳಿದೆ.

"ಅಲ್ಲಿಗೆ ನೀವು ಹುಡುಗನ ಮಾವ ಆಗಿ ಹೋಗತೀರೋ, ಶಾಸ್ತ್ರಿ ಆಗಿ ಹೋಗತೀರೋ?"

"ಇಬ್ಬರೂ ಒಬ್ಬನೇ."

"ಇಬ್ಬರಾಗಿದ್ರ ಚಲೋ ಇತ್ತು," ಎಂದು ಆಕೆ ಒಳಗೆ ಹೋದಳು.

ನಾನು ಪುಟ ತಿರುಗಿಸುತ್ತ ಹೋದೆ. ಕೊಂಚ ಮುಂದೆ ಇನ್ನೊಂದು ನಿಯಮ ಸಿಕ್ಕಿತು. ರೋಗಬಿದ್ದ, ಹೆದರಿದ, ಹಸಿದ ಪ್ರಾಣಿಗಳ ನಡೆಯನ್ನು ಶಕುನವೆಂದು ಎಣಿಸಬಾರದು. ಅವು ಹಾಗೆ ಮಾಡುವುದು ತಮ್ಮ ಬಾಧೆಯಿಂದಲೇ ಹೊರತು ದೈವದ ಸೂಚನೆಯಿಂದಲ್ಲ ಎಂಬುದು ಅದರ ಭಾವ. ನಮ್ಮ ಗಾಡಿಗೆ ಇದು ಸರಿಯಾಗಿಯೇ ಹೊಂದುತ್ತಿತ್ತು. ಆದರೆ ತನಗೆ ಅನುಕೂಲವಾದ ವಾಕ್ಯ ದೊರೆತಾಗಲೇ ಓದುವವನು ಹೆಚ್ಚು ಎಚ್ಚರವಾಗಿರಬೇಕು ಎಂದು ನನ್ನ ಗುರುಗಳು ಕಲಿಸಿದ್ದರು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬಸಲಿಂಗಮ್ಮನವರ ಕಣ್ಣೆದುರಿಗೆ ಗಾಡಿಯ ಆ ರೋಗವನ್ನು ತೋರಿಸಬೇಕು ಎಂದು ನಿಶ್ಚಯಿಸಿದೆ.

ಮರುದಿನ ಖಾಸಿಂಸಾಬರನ್ನು ಕಂಡೆ. ಅವರು ವಿಷಯ ಕೇಳಿ ಗಂಭೀರರಾದರು.

"ಬರ್ತೀನಿ ಸ್ವಾಮೇರ. ಆದ್ರ ರೋಗ ಅಂತ ನನ್ನ ಬಾಯಿಲೆ ಹೇಳಸಬ್ಯಾಡ್ರಿ. ನನ್ನ ಕೈಯಾಗಿನ ಗಾಡಿ ಅದು. ರೋಗ ಐತಿ ಅಂದ್ರ ನಾಳೆ ನನ್ನ ಅಂಗಡಿಗೆ ಯಾರು ಬರತಾರ?"

"ಮತ್ತೆ ಏನೆನ್ನುತ್ತೀರಿ?"

"ಗುಣ ಅಂತೀನಿ. ಒಬ್ಬೊಬ್ಬರ ಗುಣ ಇರತೈತಲ್ರಿ, ಹಂಗ."

ಹೀಗೆ ಖಾಸಿಂಸಾಬರು ಹಿಂದೆ ಕುಳಿತು, ನಾನು ಓಡಿಸಿ, ಮತ್ತೆ ನೀಲಗುಂದಕ್ಕೆ ಹೋದೆವು. ಅಂದು ಬಿಸಿಲು ಕಾಯ್ದಿತ್ತು. ಎರೆಮಣ್ಣು ಒಣಗಿ ರಸ್ತೆ ಗಟ್ಟಿಯಾಗಿತ್ತು. ಗಾಡಿ ಒಂದು ಸಲವೂ ಕೆಮ್ಮದೆ ಹೋಯಿತು. ಪಡಸಾಲೆಯಲ್ಲಿ ಬಸಲಿಂಗಮ್ಮನವರು, ಹುಡುಗಿಯ ತಂದೆ, ಓಣಿಯ ಕೆಲವು ಹಿರಿಯರು ಸೇರಿದ್ದರು. ನಾನು ಎರಡೂ ನಿಯಮಗಳನ್ನು ಹೇಳಿದೆ. ಪ್ರತಿಕೂಲವಾದುದನ್ನು ಮೊದಲು, ಅನುಕೂಲವಾದುದನ್ನು ಆಮೇಲೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಹಂಗಾರ ನಿಮ್ಮ ಗಾಡಿಗೆ ರೋಗ ಐತಿ ಅಂತೀರಿ."

"ರೋಗ ಅಲ್ರಿ ಅಮ್ಮಾರ, ಗುಣ," ಎಂದರು ಖಾಸಿಂಸಾಬರು ಅಂಗಳದಿಂದ.

"ಗುಣ ಆದ್ರ ಗ್ರಂಥ ಬಿಡಂಗಿಲ್ಲಲ್ಲ. ರೋಗ ಅಂದ್ರ ಬಿಡತೈತಿ. ಎರಡರಾಗ ಯಾವುದು ಅಂತ ಮೊದಲ ನೀವಿಬ್ಬರು ಮಾತಾಡಿಕೊಂಡು ಬರ್ರಿ."

ಹಿರಿಯರು ನಕ್ಕರು. ಖಾಸಿಂಸಾಬರು ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ, "ರೋಗ ಅಂತನ ತಿಳೀರಿ ಅಮ್ಮಾರ," ಎಂದರು. ಇಡೀ ಕೊಟ್ಟೂರಿನಲ್ಲಿ ತಮ್ಮ ಕೈಚಳಕಕ್ಕೆ ಹೆಸರಾಗಿದ್ದ ಮನುಷ್ಯನಿಗೆ ಆ ಮಾತು ಎಷ್ಟು ಕಷ್ಟವಾಯಿತೆಂದು ನಾನು ಬಲ್ಲೆ.

"ಹಂಗಾರ ತೋರಸ್ರಿ. ನಾ ನೋಡತೀನಿ."

ಖಾಸಿಂಸಾಬರು ಗಾಡಿ ಏರಿ ಅರ್ಧ ಕಿಕ್ ಹೊಡೆದರು. ಎಂಜಿನ್ ಸರಿಯಾದ ದನಿಯಲ್ಲೇ ಚಾಲೂ ಆಯಿತು. ಆರಿಸಿ ಮತ್ತೆ ಹೊಡೆದರು. ಮತ್ತೆ ಸರಿಯಾಗಿಯೇ ಆಯಿತು. ಕಾಲನ್ನು ಅರ್ಧಕ್ಕೆ ತಡೆದು, ಕಾಲುಭಾಗಕ್ಕೆ ತಡೆದು, ಕೆಳಗಿಳಿದು ಬಲಗಾಲಿನಿಂದ, ಕೈಯಿಂದ ಒತ್ತಿ ನೋಡಿದರು. ಪ್ಲಗ್ಗು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದರು. ನಾನೂ ಯತ್ನಿಸಿದೆ. ಚಾಲೂ ಆದಾಗಲೆಲ್ಲ ಗಾಡಿ ಸೇವಕನಂತೆ ಮುಂದಕ್ಕೇ ಹೋಯಿತು. ಅಂಗಳವೆಲ್ಲ ಹೊಗೆ ತುಂಬಿತು. ಓಣಿಯವರು ಗೋಡೆಯ ಮೇಲೆ ಕುಳಿತು ನೋಡತೊಡಗಿದರು.

"ಬ್ಯಾಡಾದಾಗ ಹಿಂದಕ ಹೋಗತೈತಿ, ಬೇಕಂದ್ರ ಒಲ್ಲೆ ಅಂತೈತಿ," ಎಂದು ಒಬ್ಬ ಮುದುಕರು ಅಂದರು. "ಥೇಟ್ ನಮ್ಮ ಎತ್ತಿನಂಗ ಐತಿ."

ಖಾಸಿಂಸಾಬರ ಅಂಗಿ ಬೆವರಿನಿಂದ ನೆನೆದಿತ್ತು. ಬಸಲಿಂಗಮ್ಮನವರು ಕೈ ಎತ್ತಿ, "ಸಾಕು ಬಿಡ್ರಿ ಸಾಬ್ರ, ಕಾಲು ನೋವು ಮಾಡ್ಕೋಬ್ಯಾಡ್ರಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ಶಾಸ್ತ್ರಿಗಳ, ನೀವು ಸುಳ್ಳು ಹೇಳಿಲ್ಲ. ಅದು ನನಗ ಗೊತ್ತೈತಿ. ಆದ್ರ ಆವತ್ತು ನಾ ಕಣ್ಣಾರೆ ಕಂಡದ್ದು ಒಂದು, ಇವತ್ತು ಕಂಡದ್ದು ಒಂದು. ತಾಯಿ ಇಲ್ಲದ ಕೂಸು ಇದು. ಏನರ ಆದ್ರ ನಾಳೆ ನಾ ಯಾರಿಗೆ ಹೇಳಲಿ?"

ಇಲ್ಲಿಗೆ ಮುಗಿಯಿತು ಎಂದುಕೊಂಡು ಧೋತರ ಸರಿಪಡಿಸಿಕೊಂಡು ಎದ್ದೆ. ಮನೆಗೆ ಹೋಗಿ ಗಿರಿಜೆಯ ಮುಂದೆ ನಿಲ್ಲುವುದು ಹೇಗೆ ಎಂಬುದೊಂದೇ ಮನಸ್ಸಿನಲ್ಲಿತ್ತು.

ಆಗ ಒಳಗಿನಿಂದ ಹುಡುಗಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೊರಳಲ್ಲಿ ಅಳತೆಯ ಪಟ್ಟಿ ಹಾಗೆಯೇ ಇತ್ತು.

"ಅಜ್ಜಿ, ನಾನೊಂದು ಹೇಳಲಾ?"

"ಹೇಳು."

"ಮೊದಲ ಎರಡು ಮನಿಯವರು ನನ್ನ ನೋಡಾಕ ಬಂದಿದ್ರಲ್ಲ, ಅವರನ್ನೂ ನೀನ ನಿಂತು ಕಳಿಸಿದಿ. ತುಂಬಿದ ಕೊಡ ಎದುರಿಗೆ ಬಂತು. ಅವರ ಗಾಡಿ ನೆಟ್ಟಗ ಮುಂದಕ ಹೋದ್ವು. ಹೋದವರು ಮತ್ತ ಈ ಕಡಿ ಮುಖ ಹಾಕಲಿಲ್ಲ." ಅವಳು ಸ್ವಲ್ಪ ತಡೆದಳು. "ನಮ್ಮ ಬಾಗಲಿಗೆ ತಿರುಗಿ ಬಂದವರು ಅಂದ್ರ ಇವರೊಬ್ಬರ."

ಬಸಲಿಂಗಮ್ಮನವರು ಮೊಮ್ಮಗಳ ಮುಖವನ್ನೇ ನೋಡುತ್ತ ಕುಳಿತರು.

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀ ಕೇಳಿದ್ದು ಶಾಸ್ತ್ರಿಗಳನ್ನ. ನನ್ನ ಯಾರು ಕೇಳಿದ್ರು?"

ಅಜ್ಜಿ ನನ್ನ ಕಡೆ ತಿರುಗಿ, "ಇದಕ್ಕ ನಿಮ್ಮ ಗ್ರಂಥ ಏನಂತೈತಿ?" ಎಂದರು.

ಗ್ರಂಥದಲ್ಲಿ ಅದಕ್ಕೂ ಮಾತಿತ್ತು. ಎಲ್ಲ ಶಕುನಗಳಿಗಿಂತ ಕಾರ್ಯಕ್ಕೆ ತೊಡಗಿದವರ ಮನಸ್ಸಿನ ಉಲ್ಲಾಸ ಮೇಲಾದುದು ಎಂದು ಅಧ್ಯಾಯದ ಕೊನೆಗೆ ಬರುತ್ತದೆ. ಅದನ್ನು ನಾನು ಪಾಠಶಾಲೆಯ ಕಾಲದಿಂದ ಬಲ್ಲೆ. ಅಂದಿನವರೆಗೆ ಅದು ಅಧ್ಯಾಯವನ್ನು ಮುಗಿಸುವ ಮಾತಾಗಿಯಷ್ಟೇ ನನಗೆ ಕಂಡಿತ್ತು. ಹಾಗೆಂದು ಹೇಳಿದೆ.

ಬಸಲಿಂಗಮ್ಮನವರು ಸೊಸೆಯನ್ನು ಕರೆದು, "ಆವತ್ತಿನ ಕಾಯಿ ತೊಗೊಂಬಾ," ಎಂದರು.

ಸೊಸೆ ತಲೆ ತಗ್ಗಿಸಿದಳು. "ಅದನ್ನ ಮೊನ್ನೆ ಚಟ್ನಿಗೆ ಹಾಕಿದ್ವಿ ಅತ್ತಿ."

"ಚಲೋ ಆತು. ನೆಲಕ್ಕ ಬಿದ್ದ ಕಾಯಿ ಅದು. ಹೊಸಾದು ತಾ."

ಹೊಸ ಕಾಯಿಗೆ ತಾವೇ ಅರಿಸಿನ ಹಚ್ಚಿ ನನ್ನ ಕೈಗಿಟ್ಟರು. ಇಟ್ಟ ಮೇಲೆ ಒಂದು ಕಟ್ಟಳೆ ಮಾಡಿದರು. ಮೊಮ್ಮಗಳ ಮಾತನ್ನು ಒಪ್ಪಿದ್ದೇನೆ, ಆದರೆ ದೈವವನ್ನು ಮೇಲಿಂದ ಮೇಲೆ ಕೆಣಕುವುದು ಬೇಡ. ಈ ಕಾಯಿ ಆ ಗಾಡಿಯ ಮೇಲೆ ಹೋಗಕೂಡದು. ಖಾಸಿಂಸಾಬರು ಗಾಡಿ ಒಯ್ಯಲಿ, ಶಾಸ್ತ್ರಿಗಳು ಕಾಯಿ ತೆಗೆದುಕೊಂಡು ಬಸ್ಸಿನಲ್ಲಿ ಹೋಗಲಿ. ನಾನು ಒಪ್ಪಿದೆ.

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರು ತಲುಪುವಾಗ ಹೊತ್ತು ಇಳಿಯುತ್ತಿತ್ತು. ಗಾಡಿ ನನಗಿಂತ ಬಹಳ ಮೊದಲೇ ಬಂದು ನಮ್ಮ ಮನೆಯ ಮುಂದೆ ನಿಂತಿತ್ತು. ಶುಭವಾರ್ತೆ ಹೇಳಬೇಕಾದವರು ಮನೆಯವರೇ ಎಂದು ತಿಳಿದ ಖಾಸಿಂಸಾಬರು, "ಸ್ವಾಮೇರು ಬಸ್ಸಿಗೆ ಬರಾಕತ್ಯಾರ್ರಿ ತಾಯಿ" ಎಂದಷ್ಟೇ ಹೇಳಿ, ಗಿರಿಜೆ ಇನ್ನೇನೂ ಕೇಳದ ಹಾಗೆ ಬೇಗನೆ ಹೊರಟುಹೋಗಿದ್ದರು. ಹೋದವರಿಬ್ಬರು, ಬಂದವರೊಬ್ಬರು, ನಡುವೆ ಏನಾಯಿತೋ ಎಂದು ಆಕೆ ಆ ಹೊತ್ತನ್ನು ಹೇಗೆ ಕಳೆದಳೋ ಶಿವನೇ ಬಲ್ಲ. ನಾನು ಓಣಿಯ ತಿರುವಿನಲ್ಲಿ ಕಾಣಿಸಿದಾಗ ಕಟ್ಟೆಯಿಂದ ಎದ್ದು ನಿಂತಳು. ಕಾಯಿಯನ್ನು ಚೀಲದಿಂದ ತೆಗೆದು ಎರಡೂ ಕೈಯಿಂದ ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ದೇವರ ಮನೆಯಲ್ಲಿ ಗಂಟೆ ಒಮ್ಮೆ ಮೊಳಗಿತು. ಹೊರಗೆ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಮಹೇಶಗ ಹೇಳಬೇಕು. ನಡೀರಿ."

"ಈಗ ಬಸ್ಸಿಲ್ಲ. ಬೆಳಿಗ್ಗೆ ಫೋನ್ ಮಾಡಿ ಹೇಳೋಣ."

"ಫೋನಿನಾಗ ಹೇಳೂ ಮಾತಲ್ಲ ಅದು. ಗಾಡಿ ತಗೀರಿ."

ಗಾಡಿ ಮನೆಗೆ ಬಂದಾಗಿನಿಂದ ಆಕೆ ಅದರ ಮೇಲೆ ಕುಳಿತವಳಲ್ಲ. ಅಂದು ಹಿಂದೆ ಏರಿ, ಒಂದು ಕೈಯಿಂದ ನನ್ನ ಹೆಗಲು ಹಿಡಿದಳು. ಹಗರಿಬೊಮ್ಮನಹಳ್ಳಿಯವರೆಗೂ ಆ ಕೈ ತೆಗೆಯಲಿಲ್ಲ.

ಮಹೇಶ ಅಂಗಡಿ ಮುಚ್ಚುವ ಸಿದ್ಧತೆಯಲ್ಲಿದ್ದ. ಹಳೆಯ ಕಾಲದ ಹಲಗೆ ಬಾಗಿಲು. ಒಂದೊಂದು ಹಲಗೆಯ ಮೇಲೂ ಸುಣ್ಣದಲ್ಲಿ ಬರೆದ ಅಂಕಿ; ಆ ಕ್ರಮದಲ್ಲೇ ಚೌಕಟ್ಟಿನ ಕೊರಕಲಿನಲ್ಲಿ ಇಳಿಸಿ ಸರಿಸಬೇಕು. ಅಕ್ಕ ಮೋಟಾರ್ ಸೈಕಲ್ಲಿನಿಂದ ಇಳಿಯುವುದನ್ನು ಕಂಡು, ಕೈಯಲ್ಲಿದ್ದ ಹಲಗೆಯನ್ನು ಹಿಡಿದುಕೊಂಡೇ ನಿಂತ. ಆಕೆ, "ಕಾಯಿ ಬಂತಪಾ," ಎಂದಳು. ಅಷ್ಟು ದೂರ ಬಂದದ್ದಕ್ಕೆ ಆಕೆಗೆ ಅಷ್ಟೇ ಮಾತು ಉಳಿದಿತ್ತು.

ಅವನು ತಲೆಯಾಡಿಸಿದ. ನನ್ನ ಕಡೆ ನೋಡಿ, "ಅಕಿ ಏನಂದ್ಲು ಮಾವ?" ಎಂದು ಕೇಳಿದ.

ಹುಡುಗಿ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಒಂದಕ್ಷರವೂ ಬಿಡದೆ ಹೇಳಿದೆ. ಅವನು ತಿರುಗಿ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದ. ಒಂದನೆಯದರ ಪಕ್ಕಕ್ಕೆ ನಾಲ್ಕನೆಯದನ್ನು ಹಾಕಿದ, ಅದರ ಪಕ್ಕಕ್ಕೆ ಎರಡನೆಯದನ್ನು ಹಾಕಿದ. ಕೊನೆಯ ಹಲಗೆ ಹಿಡಿಸಲಿಲ್ಲ. ಎಲ್ಲವನ್ನೂ ತೆಗೆದು ಮತ್ತೆ ಮೊದಲಿನಿಂದ ಹಾಕಿದ, ಮತ್ತೆ ತಪ್ಪಿದ. ಗಿರಿಜೆ ಬೀದಿದೀಪದ ಕೆಳಗೆ ನಿಂತು ನೋಡುತ್ತಿದ್ದಳು. ತಿದ್ದಲು ಹೋಗಲಿಲ್ಲ.